ಕಟ್ಟು ಮತ್ತು ಕಟ್ಟಳೆ

ಕನ್ನಡದಲ್ಲಿ ‘ಕಟ್ಟು’ ಎಂಬ ಒಂದೇ ಮಾತು ಹಲವು ಕೆಲಸಗಳಿಗೆ ಒದಗುತ್ತದೆ. ನಾವು ಹೂವನ್ನು ಕಟ್ಟುತ್ತೇವೆ, ಮನೆಯನ್ನು ಕಟ್ಟುತ್ತೇವೆ, ಪದವನ್ನು ಕಟ್ಟಿ ಹಾಡುತ್ತೇವೆ. ತಾಳೆಗರಿಯ ಹಳೆಯ ಗ್ರಂಥವನ್ನು ಓಲೆಯ ಕಟ್ಟು ಎನ್ನುತ್ತೇವೆ. ಊರಿನವರೆಲ್ಲರೂ ಒಪ್ಪಿ ನಡೆಯುವ ನಿಯಮವೂ ಒಂದು ಬಗೆಯ ಕಟ್ಟೇ. ಆದುದರಿಂದಲೇ ಅದಕ್ಕೆ ಕಟ್ಟಳೆ, ಕಟ್ಟುಪಾಡು ಎಂಬ ಹೆಸರುಗಳು ಬಂದಿವೆ. ನೂಲಿಗೆ ಹಾಕುವ ಕಟ್ಟಿಗೂ ಊರಿಗೆ ಹಾಕಿಕೊಂಡ ಕಟ್ಟಳೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಬಾಲಿ ದ್ವೀಪದ ತೆಂಗನಾನ್ ಎಂಬ ಹಳ್ಳಿಯ ಕಡೆಗೆ ಬೆರಳು ತೋರಿಸಬಹುದು. ಅಲ್ಲಿ ಇವೆರಡೂ ಒಂದನ್ನೊಂದು ಆಧರಿಸಿಕೊಂಡು ಶತಮಾನಗಳಿಂದ ಉಳಿದು ಬಂದಿವೆ.

ಇಂಡೊನೇಷ್ಯ ಸಾವಿರಾರು ದ್ವೀಪಗಳ ದೇಶ. ಜಾವಾ ದ್ವೀಪದ ಪೂರ್ವಕ್ಕೆ, ಕಿರಿದಾದ ಒಂದು ಜಲಸಂಧಿಯ ಆಚೆಗೆ ಬಾಲಿ ಇದೆ. ಅದರ ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರು. 1343ರಲ್ಲಿ ಜಾವಾದ ಮಜಪಾಹಿತ್ ಸಾಮ್ರಾಜ್ಯದ ಮಂತ್ರಿ ಗಜಮದನು ಬಾಲಿಯನ್ನು ಗೆದ್ದನು. ಅಲ್ಲಿಂದ ಮುಂದೆ ಜಾವಾದ ಅರಮನೆಯ ಭಾಷೆ, ಆಚಾರ, ವರ್ಣವ್ಯವಸ್ಥೆಗಳು ದ್ವೀಪದ ಬಹುಭಾಗದಲ್ಲಿ ಹರಡಿದವು. ಆದರೆ ಬೆಟ್ಟಗಳ ಮರೆಯಲ್ಲಿದ್ದ ಕೆಲವು ಹಳ್ಳಿಗಳು ಅದಕ್ಕೂ ಹಿಂದಿನ ತಮ್ಮ ನಡೆವಳಿಕೆಯನ್ನು ಬಿಡಲಿಲ್ಲ. ಅಲ್ಲಿಯ ಜನರನ್ನು ‘ಬಾಲಿ ಆಗ’, ಎಂದರೆ ಮೂಲ ಬಾಲಿಯವರು ಎಂದು ಕರೆಯುವುದುಂಟು. ದ್ವೀಪದ ಪೂರ್ವದಲ್ಲಿರುವ ಕರಂಗಾಸೆಮ್ ಜಿಲ್ಲೆಯ ತೆಂಗನಾನ್ ಅಂತಹ ಹಳ್ಳಿಗಳಲ್ಲಿ ಒಂದು. ಬಾಲಿಯ ಇತರ ಹಿಂದೂಗಳು ಮೃತದೇಹವನ್ನು ದಹನ ಮಾಡುವರು, ತೆಂಗನಾನಿನವರು ಹೂಳುವರು. ಇತರೆಡೆ ಕಾಣುವ ಜಾತಿಭೇದ ಇವರಲ್ಲಿ ಇಲ್ಲ. ಇವರ ಮುಖ್ಯ ದೈವ ಇಂದ್ರ.

ಈ ಊರು ಹುಟ್ಟಿದ ಬಗೆಗೆ ಒಂದು ಐತಿಹ್ಯವಿದೆ. ಬೇಡಹುಲು ಎಂಬ ರಾಜನ ಪ್ರೀತಿಯ ಕುದುರೆಯೊಂದು ಕಾಣೆಯಾಯಿತು. ಅದರ ಹೆಸರು ಒಂಚೆಸ್ರವ. ಹೆಸರನ್ನು ಕೇಳಿದೊಡನೆ ನಮಗೆ ಸಮುದ್ರಮಥನದಲ್ಲಿ ಹುಟ್ಟಿದ ಉಚ್ಚೈಃಶ್ರವಸ್ಸು ನೆನಪಾಗುತ್ತದೆಯಲ್ಲವೆ? ಅದೇ ಹೆಸರು ಕಡಲು ದಾಟಿ ಬಾಲಿಯ ಜನರ ನಾಲಗೆಯ ಮೇಲೆ ಹೀಗಾಗಿದೆ. ತೆಂಗನಾನಿನವರ ಪೂರ್ವಿಕರು ಹುಡುಕುತ್ತ ಹೋಗಿ ಕುದುರೆಯನ್ನು ಕಂಡರು. ಆದರೆ ಅದು ಸತ್ತು ಬಿದ್ದಿತ್ತು. ರಾಜನು ದುಃಖಪಟ್ಟರೂ ಮಾತಿಗೆ ತಪ್ಪಲಿಲ್ಲ. ಸತ್ತ ಕುದುರೆಯ ವಾಸನೆ ಎಷ್ಟು ದೂರ ಬರುವುದೋ ಅಷ್ಟು ನೆಲ ನಿಮ್ಮದು ಎಂದನು. ಎಲ್ಲೆಯನ್ನು ಗೊತ್ತುಮಾಡಲು ವಾಸನೆ ಹಿಡಿಯುವುದರಲ್ಲಿ ಜಾಣನಾದ ಒಬ್ಬ ಅಧಿಕಾರಿ ಬಂದನು. ಊರಿನ ಮುಖಂಡನು ಅವನ ಜೊತೆಯಲ್ಲಿಯೇ ನಡೆದನು. ಎಷ್ಟು ದೂರ ಹೋದರೂ ವಾಸನೆ ನಿಲ್ಲಲಿಲ್ಲ! ಅಧಿಕಾರಿ ದಣಿದು, ಇಷ್ಟು ನೆಲ ಸಾಕು ಎಂದು ಹಿಂದಿರುಗಿದ ಮೇಲೆ ಮುಖಂಡನು ಉಡುಪಿನಲ್ಲಿ ಬಚ್ಚಿಟ್ಟುಕೊಂಡಿದ್ದ ಮಾಂಸದ ತುಂಡನ್ನು ತೆಗೆದು ಎಸೆದನಂತೆ. ಕಥೆ ನಿಜವೋ ಸುಳ್ಳೋ, ಅದನ್ನು ಹೇಳುವವರ ಮುಖದಲ್ಲಿ ನಗು ಮೂಡುವುದಂತೂ ನಿಜ. ಈ ನೆಲವು ಯಾರೋ ಒಬ್ಬನಿಗೆ ಬಂದ ಆಸ್ತಿಯಲ್ಲ, ಇಡೀ ಊರಿಗೆ ಬಂದದ್ದು ಎಂಬ ಭಾವನೆ ಆ ಕಥೆಯಲ್ಲಿ ಅಡಗಿದೆ.

ಆ ಭಾವನೆ ಕಥೆಯಲ್ಲಷ್ಟೇ ಉಳಿದಿಲ್ಲ. ಸುಮಾರು 900 ಹೆಕ್ಟೇರುಗಳಷ್ಟು ಗದ್ದೆ, ತೋಟ, ಕಾಡುಗಳು ತೆಂಗನಾನಿನ ಎಲ್ಲೆಯೊಳಗಿವೆ. ಊರಿನ ಹೊರಗಿನವರಿಗೆ ಈ ನೆಲವನ್ನು ಮಾರುವಂತಿಲ್ಲ, ಒತ್ತೆ ಇಡುವಂತೆಯೂ ಇಲ್ಲ. ಗದ್ದೆಗಳನ್ನು ಹೆಚ್ಚಾಗಿ ಅಕ್ಕಪಕ್ಕದ ಹಳ್ಳಿಗಳವರು ಗೇಣಿಗೆ ಉಳುವರು. ಬೆಳೆಯ ಪಾಲು ಊರಿಗೆ ಬರುವುದು. ಊರಿನವರಿಗೆ ನೇಯ್ಗೆಗೂ ಪೂಜೆಗೂ ಹಬ್ಬಕ್ಕೂ ಬಿಡುವು ದೊರೆಯುವುದು ಇದರಿಂದಲೇ. ಕಲೆ ಬೆಳೆಯಲು ಪ್ರತಿಭೆಯೊಂದೇ ಸಾಲದು, ಕಣಜದಲ್ಲಿ ಕಾಳೂ ಇರಬೇಕು ಎಂಬುದನ್ನು ಇಲ್ಲಿ ನಾವು ಗಮನಿಸಬೇಕು.

ಊರಿನ ರಚನೆಯೂ ವಿಶಿಷ್ಟವಾದುದು. ಸುತ್ತಲೂ ಗೋಡೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಒಳಗೆ ಸಮುದ್ರದ ಕಡೆಯಿಂದ ಬೆಟ್ಟದ ಕಡೆಗೆ ಸಮಾನಾಂತರವಾಗಿ ಸಾಗುವ ಮೂರು ಅಗಲವಾದ ಬೀದಿಗಳು. ನೆಲ ಏರುತ್ತ ಹೋಗುವುದರಿಂದ ಬೀದಿಗಳನ್ನು ಕಲ್ಲು ಹಾಸಿ, ಮೆಟ್ಟಿಲು ಮೆಟ್ಟಿಲಾಗಿ ಸಮಮಾಡಿದ್ದಾರೆ. ಮನೆಗಳೆಲ್ಲ ಹೆಚ್ಚುಕಡಮೆ ಒಂದೇ ಮಾದರಿಯವು. ಬೀದಿಯ ನಡುವೆ ಸಾರ್ವಜನಿಕ ಮಂಟಪಗಳಿವೆ. ಅವುಗಳಲ್ಲಿ ‘ಬಾಲೆ ಅಗುಂಗ್’ ಎಂಬ ಉದ್ದನೆಯ ಮಂಟಪವೇ ಊರಿನ ಸಭಾಮಂದಿರ. ಸಭೆಯಲ್ಲಿ ಸ್ಥಾನ ದೊರೆಯುವುದು ಒಬ್ಬೊಬ್ಬರಿಗಲ್ಲ, ದಂಪತಿಗಳಿಗೆ. ಯಾರು ಮೇಲೆ ಕುಳಿತುಕೊಳ್ಳಬೇಕು, ಯಾರು ಕೆಳಗೆ ಎಂಬುದನ್ನು ಹಣವಾಗಲಿ ಕುಲವಾಗಲಿ ನಿರ್ಧರಿಸುವುದಿಲ್ಲ. ಯಾರ ಮದುವೆ ಮೊದಲು ಆಯಿತೋ ಅವರು ಹಿರಿಯರು. ಈ ಆಡಳಿತವನ್ನು ಅಧ್ಯಯನ ಮಾಡಿದ ಕೋರ್ನ್ ಎಂಬ ಡಚ್ ವಿದ್ವಾಂಸನು 1933ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹೆಸರಿನಲ್ಲಿಯೇ ತೆಂಗನಾನನ್ನು ‘ಗ್ರಾಮ ಗಣರಾಜ್ಯ’ ಎಂದು ಕರೆದಿದ್ದಾನೆ.

ಈ ಪುಟ್ಟ ಗಣರಾಜ್ಯದ ಕಟ್ಟಳೆಗಳಿಗೆ ‘ಅವಿಗ್ ಅವಿಗ್’ ಎಂದು ಹೆಸರು. 1841ರಲ್ಲಿ ಊರಿಗೆ ಬೆಂಕಿ ಬಿದ್ದು, ಕಟ್ಟಳೆಗಳನ್ನು ಬರೆದಿಟ್ಟಿದ್ದ ಗ್ರಂಥ ಸುಟ್ಟುಹೋಯಿತು. ಮರುವರ್ಷ ಊರಿನವರು ನೆನಪಿನಲ್ಲಿ ಉಳಿದುದನ್ನು ಒಟ್ಟುಗೂಡಿಸಿ ಮತ್ತೆ ಬರೆಸಿದರು. ಗ್ರಂಥ ಸುಟ್ಟರೂ ಕಟ್ಟಳೆ ಸುಡಲಿಲ್ಲ. ಅದು ಜನರ ನಡೆಯಲ್ಲಿ ಉಳಿದಿತ್ತು.

ಆ ಕಟ್ಟಳೆಗಳಲ್ಲಿ ಮರಗಳಿಗೆ ದೊಡ್ಡ ಸ್ಥಾನವಿದೆ. ಹಲಸು, ಸಂಪಿಗೆ, ಡುರಿಯನ್ ಮೊದಲಾದ ಕೆಲವು ಮರಗಳು ತನ್ನ ತೋಟದಲ್ಲಿಯೇ ಇದ್ದರೂ ಒಡೆಯನು ಮನಬಂದಂತೆ ಕಡಿಯುವಂತಿಲ್ಲ. ಮರ ತಾನಾಗಿ ಒಣಗಬೇಕು. ಊರಿನ ಹಿರಿಯರು ಬಂದು ನೋಡಿ ಒಪ್ಪಿಗೆ ಕೊಡಬೇಕು. ಡುರಿಯನ್, ಕೆಮಿರಿಯಂತಹ ಕೆಲವು ಮರಗಳ ಹಣ್ಣುಕಾಯಿಗಳನ್ನು ಕೊಂಬೆಯಿಂದ ಕೀಳುವುದೂ ತಪ್ಪು. ಅವು ಪಕ್ವವಾಗಿ ತಾವಾಗಿಯೇ ನೆಲಕ್ಕೆ ಬೀಳುವವರೆಗೆ ಕಾಯಬೇಕು. ಇವುಗಳಲ್ಲಿ ಕೆಮಿರಿಯನ್ನು ನೀವು ವಿಶೇಷವಾಗಿ ನೆನಪಿನಲ್ಲಿಟ್ಟುಕೊಳ್ಳಿರಿ. ಅದರ ಕಾಯಿಯ ಒಳತಿರುಳಿನಲ್ಲಿ ಎಣ್ಣೆಯ ಅಂಶ ಬಹಳ. ಹಚ್ಚಿದರೆ ದೀಪದಂತೆ ಉರಿಯಬಲ್ಲದು. ಈ ಒಂದು ಕಾಯಿ ತೆಂಗನಾನಿನ ಎರಡು ದೊಡ್ಡ ಕಲೆಗಳಿಗೆ ಆಧಾರವಾಗಿದೆ.

ಮೊದಲನೆಯದು ನೇಯ್ಗೆ. ತೆಂಗನಾನಿನ ಹೆಸರನ್ನು ಲೋಕಕ್ಕೆ ತಿಳಿಸಿದ ವಸ್ತ್ರದ ಹೆಸರು ‘ಗೆರಿಂಗ್‌ಸಿಂಗ್’. ಗೆರಿಂಗ್ ಎಂದರೆ ರೋಗ. ಸಿಂಗ್ ಎಂದರೆ ಇಲ್ಲ. ಉಟ್ಟವರಿಗೆ ರೋಗ ತಟ್ಟದಿರಲಿ ಎಂಬ ಹಾರೈಕೆ ಹೆಸರಿನಲ್ಲಿಯೇ ಇದೆ. ಇದನ್ನು ನೇಯುವ ವಿಧಾನಕ್ಕೆ ಜೋಡಿ ಇಕತ್ ಎನ್ನುವರು. ‘ಇಕತ್’ ಎಂಬುದು ಆ ಪ್ರದೇಶದ ಮಾತು. ಅದರ ಅರ್ಥವೂ ಕಟ್ಟು ಎಂದೇ!

ಸಾಮಾನ್ಯವಾಗಿ ಬಟ್ಟೆಯ ಮೇಲೆ ಚಿತ್ತಾರ ಮೂಡಿಸಬೇಕಾದರೆ, ಬಟ್ಟೆಯನ್ನು ನೇಯ್ದ ಮೇಲೆ ಅಚ್ಚೊತ್ತುವರು. ಇಲ್ಲವೆ ಬೇರೆ ಬೇರೆ ಬಣ್ಣದ ನೂಲುಗಳನ್ನು ಸೇರಿಸಿ ನೇಯುವರು. ಇಕತ್‌ನಲ್ಲಿ ಹಾಗಲ್ಲ. ನೇಯುವುದಕ್ಕೆ ಮೊದಲೇ ಚಿತ್ತಾರವನ್ನು ನೂಲಿನಲ್ಲಿ ಅಡಗಿಸಬೇಕು. ಬಣ್ಣ ಹಿಡಿಯಬಾರದ ಜಾಗಗಳಲ್ಲಿ ನೂಲಿನ ಲಡಿಯನ್ನು ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುವರು. ಕಟ್ಟು ಇದ್ದ ಕಡೆ ಬಣ್ಣ ಒಳಗೆ ಹೋಗದು. ಬಿಚ್ಚಿದಾಗ ಅಲ್ಲಿ ಹಿಂದಿನ ಬಣ್ಣವೇ ಉಳಿದಿರುತ್ತದೆ. ಹೀಗೆ ಕಟ್ಟುತ್ತ, ಅದ್ದುತ್ತ, ಬಿಚ್ಚುತ್ತ ಹೋದಂತೆ ಒಂದೇ ಎಳೆಯ ಉದ್ದಕ್ಕೂ ಹಲವು ಬಣ್ಣಗಳ ತುಂಡುಗಳು ಮೂಡುತ್ತವೆ. ಹಾಸಿನ ನೂಲನ್ನೋ ಹೊಕ್ಕಿನ ನೂಲನ್ನೋ ಮಾತ್ರ ಹೀಗೆ ಕಟ್ಟಿದರೆ ಅದು ಒಂಟಿ ಇಕತ್. ಹಾಸನ್ನೂ ಹೊಕ್ಕನ್ನೂ ಬೇರೆಬೇರೆಯಾಗಿ ಕಟ್ಟಿ, ಬಣ್ಣಹಾಕಿ, ಮಗ್ಗದ ಮೇಲೆ ಅವೆರಡರ ಚಿತ್ತಾರಗಳು ಕೂದಲೆಳೆಯಷ್ಟೂ ತಪ್ಪದೆ ಒಂದರ ಮೇಲೊಂದು ಬಂದು ಕೂಡುವಂತೆ ಮಾಡಿದರೆ ಅದು ಜೋಡಿ ಇಕತ್. ಲೆಕ್ಕ ಒಂದು ಎಳೆಯಷ್ಟು ತಪ್ಪಿದರೂ ನಕ್ಷತ್ರ ನಕ್ಷತ್ರವಾಗಿ ಉಳಿಯದೆ ಬಣ್ಣದ ಕಲೆಯಾಗಿಬಿಡುವುದು.

ಇಷ್ಟು ಕಠಿಣವಾದ ವಿದ್ಯೆ ಪ್ರಪಂಚದಲ್ಲಿ ಬಹಳ ಕಡೆ ಇಲ್ಲ. ನಮ್ಮ ದೇಶದಲ್ಲಿ ಗುಜರಾತಿನ ಪಾಟಣದ ಕೆಲವೇ ಕುಟುಂಬಗಳು ರೇಷ್ಮೆಯಲ್ಲಿ ನೇಯುವ ಪಟೋಲ ಇದೇ ಬಗೆಯದು. ತೆಲಂಗಾಣದ ಪೋಚಂಪಳ್ಳಿಯ ಕಡೆಯಲ್ಲಿಯೂ ಇದನ್ನು ಬಲ್ಲ ನೇಕಾರರಿದ್ದಾರೆ. ಜಪಾನಿನಲ್ಲಿಯೂ ಇದು ಉಂಟು. ಇಂಡೊನೇಷ್ಯದಲ್ಲಿ ಜೋಡಿ ಇಕತ್ತಿಗೆ ಹೆಸರಾದ ನೆಲೆ ತೆಂಗನಾನ್. ಹಿಂದಿನ ಕಾಲದಲ್ಲಿ ಗುಜರಾತಿನ ಪಟೋಲಗಳು ಹಡಗುಗಳಲ್ಲಿ ಇಂಡೊನೇಷ್ಯಕ್ಕೆ ಹೋಗುತ್ತಿದ್ದವು. ಅಲ್ಲಿ ಅವನ್ನು ಪವಿತ್ರ ವಸ್ತ್ರಗಳೆಂದು ಜೋಪಾನಮಾಡುತ್ತಿದ್ದರು. ಗೆರಿಂಗ್‌ಸಿಂಗಿನ ಕೆಲವು ಚಿತ್ತಾರಗಳಲ್ಲಿ ಪಟೋಲದ ಛಾಯೆಯನ್ನು ಈಗಲೂ ಕಾಣಬಹುದು.

ಗೆರಿಂಗ್‌ಸಿಂಗಿಗೆ ಬೇಕಾದುದು ಕೈಯಲ್ಲಿ ನೂತ ಹತ್ತಿಯ ನೂಲು. ಅದನ್ನು ಮೊದಲು ಕೆಮಿರಿಯ ಎಣ್ಣೆ ಮತ್ತು ಬೂದಿಯ ತಿಳಿನೀರು ಸೇರಿಸಿದ ದ್ರವದಲ್ಲಿ ವಾರಗಟ್ಟಲೆ ನೆನೆಯಿಡುವರು. ಇದರಿಂದ ನೂಲಿಗೆ ಹಾಲುಕೆನೆಯಂತಹ ನಸುಹಳದಿ ಬರುತ್ತದೆ. ಮುಂದೆ ಕೆಂಪು ಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ನೀಲಿ ಬಣ್ಣವನ್ನು ಹಾಕಿಸಲು ನೂಲನ್ನು ಹತ್ತಿರದ ಬುಗ್‌ಬುಗ್ ಎಂಬ ಊರಿಗೆ ಕಳುಹಿಸುವ ಸಂಪ್ರದಾಯ ಬೆಳೆದಿದೆ. ಏಕೆಂದರೆ ನೀಲಿಯನ್ನು ತಮ್ಮ ಊರಿನೊಳಗೆ ಹಾಕುವುದು ತೆಂಗನಾನಿನವರಿಗೆ ನಿಷಿದ್ಧ. ಕೆಂಪು ಬಣ್ಣ ನೋನಿ ಜಾತಿಯ ಗಿಡದ ಬೇರಿನ ತೊಗಟೆಯಿಂದ ಬರುವುದು. ಬೇಕಾದ ಗಾಢತೆ ಬರುವವರೆಗೆ ನೂಲನ್ನು ಮತ್ತೆ ಮತ್ತೆ ಅದ್ದಿ, ನಡುನಡುವೆ ದೀರ್ಘಕಾಲ ಆರಲು ಬಿಡಬೇಕು. ನೀಲಿಯ ಮೇಲೆ ಕೆಂಪು ಬಿದ್ದ ಕಡೆ ಕಪ್ಪು ಮೂಡುತ್ತದೆ. ಕೆಂಪು, ಬಿಳಿ, ಕಪ್ಪು ಇವು ಮೂರೂ ಬಾಲಿಯ ಹಿಂದೂಗಳಿಗೆ ಬ್ರಹ್ಮ, ಈಶ್ವರ, ವಿಷ್ಣುಗಳ ಬಣ್ಣಗಳು.

ಅನಂತರ ಮಗ್ಗ. ಅದು ನಮ್ಮ ಕುಣಿಮಗ್ಗದಂತಹುದಲ್ಲ. ನೇಯುವವಳು ನೆಲದ ಮೇಲೆ ಕಾಲು ಚಾಚಿ ಕುಳಿತು, ಸೊಂಟದ ಹಿಂದೆ ಒಂದು ಮರದ ಆನಿಕೆಯನ್ನು ಕಟ್ಟಿಕೊಂಡು, ತನ್ನ ಮೈಭಾರದಿಂದಲೇ ಹಾಸನ್ನು ಬಿಗಿಯಾಗಿ ಹಿಡಿಯುವಳು. ಕೆಲವು ಎಳೆ ಹೊಕ್ಕನ್ನು ಹಾಯಿಸಿದ ಮೇಲೆ ಕೈ ನಿಲ್ಲಿಸಿ, ಮೊನೆಯಾದ ಒಂದು ಚಿಕ್ಕ ಸಾಧನದಿಂದ ಎಳೆಗಳನ್ನು ಅತ್ತಿತ್ತ ಸರಿಸಿ ಚಿತ್ತಾರವನ್ನು ಕೂಡಿಸುವಳು. ನೂಲುವುದರಿಂದ ಹಿಡಿದು ಮಗ್ಗದಿಂದ ಇಳಿಸುವವರೆಗೆ ಒಂದು ವಸ್ತ್ರಕ್ಕೆ ವರ್ಷಗಳೇ ಹಿಡಿಯುವುದುಂಟು. ಹೀಗೆ ಸಿದ್ಧವಾದ ಗೆರಿಂಗ್‌ಸಿಂಗನ್ನು ತೆಂಗನಾನಿನವರು ಹಬ್ಬಗಳಲ್ಲಿ ಉಡುವರು. ಬಾಲಿಯ ಇತರ ಊರುಗಳಲ್ಲಿಯೂ ಶುಭಕರ್ಮಗಳಿಗೆ, ಅಂತ್ಯಕ್ರಿಯೆಗಳಿಗೆ ಇದು ಬೇಕು.

ಕೆಮಿರಿಯನ್ನು ಆಶ್ರಯಿಸಿದ ಎರಡನೆಯ ಕಲೆ ಓಲೆಯ ಬರೆಹ. ತಾಳೆಯ ಗರಿಗಳನ್ನು ಹದಮಾಡಿ, ಒಣಗಿಸಿ, ಸಮನಾಗಿ ಕತ್ತರಿಸಿ, ಅವುಗಳ ಮೇಲೆ ಚೂಪಾದ ಸಣ್ಣ ಚಾಕುವಿನಿಂದ ಅಕ್ಷರಗಳನ್ನು ಕೊರೆಯುವರು. ಕೊರೆದಾಗ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಸುಟ್ಟ ಕೆಮಿರಿಯ ಮಸಿಯನ್ನು ಅದರ ಮೇಲೆ ಉಜ್ಜಿ ಒರೆಸಿದಾಗ, ಗೀರುಗಳೊಳಗೆ ಮಸಿ ನಿಂತು ಬರೆಹ ಕಪ್ಪಾಗಿ ಎದ್ದು ಕಾಣುತ್ತದೆ. ಅಕ್ಷರಗಳಷ್ಟೇ ಅಲ್ಲ, ರಾಮಾಯಣದ ದೃಶ್ಯಗಳನ್ನೂ ಹೀಗೆಯೇ ಗೆರೆಗಳಲ್ಲಿ ಕೊರೆಯುವರು. ನಮ್ಮ ನಾಡಿನ ಲಿಪಿಕಾರರು ಕಂಟದಿಂದ ಓಲೆಯ ಮೇಲೆ ಕೊರೆದು, ಮಸಿ ಲೇಪಿಸಿ ಕನ್ನಡ ಕಾವ್ಯಗಳನ್ನು ಉಳಿಸಿಕೊಟ್ಟದ್ದು ಇದೇ ವಿಧಾನದಿಂದ. ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಬಾಲಿಯ ಲಿಪಿಯ ಬೇರು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿದೆ. ಅದರ ಮೂಲಕ ಅದು ಬ್ರಾಹ್ಮಿಗೆ ಸೇರುತ್ತದೆ. ಕನ್ನಡ ಲಿಪಿಯೂ ಬ್ರಾಹ್ಮಿಯ ಸಂತಾನವೇ. ಆದುದರಿಂದ ತೆಂಗನಾನಿನ ಓಲೆಯ ಅಕ್ಷರಗಳನ್ನು ನಾವು ಓದಲಾರೆವಾದರೂ ಅವು ನಮ್ಮ ಅಕ್ಷರಗಳಿಗೆ ದೂರದ ದಾಯಾದಿಗಳು.

ಬುಟ್ಟಿ ಹೆಣೆಯುವುದು ಊರಿನ ಇನ್ನೊಂದು ಕಸುಬು. ‘ಆಟ’ ಎಂಬ ಬಳ್ಳಿಯನ್ನು ಸೀಳಿ, ನುಣುಪಾದ ಎಳೆಗಳನ್ನಾಗಿ ಮಾಡಿ, ಬುಟ್ಟಿ ತಟ್ಟೆಗಳನ್ನು ಬಹಳ ಒತ್ತಾಗಿ ಹೆಣೆಯುವರು. ಅವನ್ನು ಬಿಸಿಲಿಗೆ ಒಣಗಿಸಿ, ತೆಂಗಿನ ಸಿಪ್ಪೆಯ ಹೊಗೆಯಲ್ಲಿ ಕೆಲವು ದಿನ ಇಡುವರು. ಹೊಗೆ ಕುಡಿದ ಬುಟ್ಟಿ ಹೊಂಗಂದು ಬಣ್ಣಕ್ಕೆ ತಿರುಗಿ ಬಹುಕಾಲ ಬಾಳುತ್ತದೆ.

ಈ ಎಲ್ಲ ಕಲೆಗಳೂ ಒಂದೆಡೆ ಸೇರುವುದು ‘ಉಸಾಬ ಸಂಬಾಹ್’ ಎಂಬ ಹಬ್ಬದಲ್ಲಿ. ಊರಿನವರ ಸ್ವಂತ ಪಂಚಾಂಗದ ಐದನೆಯ ತಿಂಗಳಲ್ಲಿ, ಹೆಚ್ಚಾಗಿ ಜೂನ್ ತಿಂಗಳ ಆಸುಪಾಸಿನಲ್ಲಿ, ಈ ಹಬ್ಬ ಬರುತ್ತದೆ. ಆಗ ‘ಸೆಲೊಂದಿಂಗ್’ ಎಂಬ ವಾದ್ಯವೃಂದ ಮೊಳಗುವುದು. ಬಾಲಿಯ ಉಳಿದ ಕಡೆಗಳ ವಾದ್ಯಗಳು ಹೆಚ್ಚಾಗಿ ಕಂಚಿನವು. ಇವು ಕಬ್ಬಿಣದ ಪಟ್ಟಿಗಳಿಂದ ಮಾಡಿದವು. ಇವನ್ನು ಪವಿತ್ರವೆಂದು ಭಾವಿಸುವುದರಿಂದ ಹೊರಗಿನವರು ಮುಟ್ಟುವಂತಿಲ್ಲ. ಕನ್ಯೆಯರು ಗೆರಿಂಗ್‌ಸಿಂಗನ್ನು ಉಟ್ಟು, ತಲೆಗೆ ಹೊಂಬಣ್ಣದ ಹೂಗಳನ್ನು ಮುಡಿದು, ನಿಧಾನವಾದ ಹೆಜ್ಜೆಗಳಲ್ಲಿ ‘ರೆಜಂಗ್’ ನರ್ತನ ಮಾಡುವರು. ಬಾಲಿಯ ರೆಜಂಗ್ ನರ್ತನವನ್ನು ಯುನೆಸ್ಕೊ ಸಂಸ್ಥೆಯು ದ್ವೀಪದ ಇತರ ಸಾಂಪ್ರದಾಯಿಕ ನೃತ್ಯಗಳೊಡನೆ 2015ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಮರದ ದೊಡ್ಡ ರಾಟೆತೊಟ್ಟಿಲಲ್ಲಿ ಹುಡುಗಿಯರು ಕುಳಿತುಕೊಳ್ಳುವರು. ಅದನ್ನು ಹುಡುಗರು ತಿರುಗಿಸುವರು.

ಹಬ್ಬದ ಪ್ರಸಿದ್ಧ ಭಾಗವೆಂದರೆ ಕೇದಗೆಯ ಕಾಳಗ. ನಮ್ಮ ಕೇದಗೆಯ ಜಾತಿಗೆ ಸೇರಿದ ಗಿಡದ ಮುಳ್ಳಿನ ಎಲೆಗಳನ್ನು ಕಂತೆಕಟ್ಟಿ ಬಲಗೈಯಲ್ಲಿ ಹಿಡಿದು, ಹೆಣೆದ ಗುರಾಣಿಯನ್ನು ಎಡಗೈಯಲ್ಲಿ ಹಿಡಿದು, ಬರಿಮೈಯ ತರುಣರು ಇಬ್ಬಿಬ್ಬರಾಗಿ ಸೆಣಸುವರು. ಒಂದೊಂದು ಜೋಡಿಯ ಸೆಣಸಾಟ ಕೆಲವೇ ಕ್ಷಣ ನಡೆಯುವುದು. ಬೆನ್ನಿನ ಮೇಲೆ ಮುಳ್ಳು ಗೀರಿ ರಕ್ತ ಜಿನುಗುವುದು. ಅದು ಯುದ್ಧದ ದೇವನಾದ ಇಂದ್ರನಿಗೆ ಸಲ್ಲುವ ಕಾಣಿಕೆ. ಇಲ್ಲಿ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಕಾಳಗ ಮುಗಿದ ಮೇಲೆ ಅರಿಸಿನ ಮೊದಲಾದವುಗಳ ಲೇಪವನ್ನು ಒಬ್ಬರ ಗಾಯಕ್ಕೆ ಇನ್ನೊಬ್ಬರು ಹಚ್ಚಿ, ನಗುತ್ತ, ಒಟ್ಟಿಗೆ ಕುಳಿತು ಊಟಮಾಡುವರು.

ಇಲ್ಲಿಯವರೆಗೆ ಹೇಳಿದುದನ್ನು ಒಮ್ಮೆ ಒಟ್ಟಾಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮರವನ್ನು ಕಡಿಯಬಾರದೆಂಬ ಕಟ್ಟಳೆಯಿಂದ ಕೆಮಿರಿ ಉಳಿಯಿತು. ಕೆಮಿರಿಯಿಂದ ನೂಲಿಗೆ ಹದವೂ ಓಲೆಗೆ ಮಸಿಯೂ ದೊರೆತವು. ನೆಲವನ್ನು ಮಾರಬಾರದೆಂಬ ಕಟ್ಟಳೆಯಿಂದ ನೇಯುವವಳಿಗೆ ಬಿಡುವು ದೊರೆಯಿತು. ಹಬ್ಬ ಇರುವುದರಿಂದ ವಸ್ತ್ರ ಬೇಕಾಯಿತು. ವಸ್ತ್ರವನ್ನು ಉಟ್ಟುದರಿಂದ ಹಬ್ಬಕ್ಕೆ ಕಳೆ ಬಂದಿತು. ಕಾಡು, ಗದ್ದೆ, ಮಗ್ಗ, ಮಂಟಪಗಳು ಇಲ್ಲಿ ನಿಜವಾದ ಅರ್ಥದಲ್ಲಿ ಹಾಸುಹೊಕ್ಕಾಗಿವೆ. ಇವುಗಳಲ್ಲಿ ಒಂದು ಎಳೆಯನ್ನು ಕಿತ್ತರೆ ಉಳಿದವೂ ಸಡಿಲವಾಗುವುವು.

ಆದರೆ ಕಟ್ಟಿದ ಗಂಟು ಕಾಪಾಡುವಂತೆಯೇ ಬಿಗಿಯಲೂಬಹುದು. ತೆಂಗನಾನಿನ ಕಟ್ಟಳೆಗಳಲ್ಲಿ ಮದುವೆಯ ನಿಯಮ ಬಹಳ ಕಠಿಣವಾದುದು. ಗಂಡಹೆಂಡಿರಿಬ್ಬರೂ ಊರಿನಲ್ಲಿ ಹುಟ್ಟಿದವರಾಗಿದ್ದರೆ ಮಾತ್ರ ಊರಿನ ಸಭೆಯಲ್ಲಿ ಪೂರ್ಣ ಸ್ಥಾನ. ಹೊರಗಿನವರನ್ನು ವರಿಸಿದವರು ಆ ಸ್ಥಾನವನ್ನು ಕಳೆದುಕೊಳ್ಳುವರು. ಕಟ್ಟಳೆ ಮೀರಿದವರನ್ನು ಹಿಂದೆ ಪೂರ್ವದ ಬೀದಿಗೆ ಕಳುಹಿಸಿಬಿಡುತ್ತಿದ್ದರು. ಕೆಲವೇ ನೂರು ಕುಟುಂಬಗಳಿರುವ ಊರಿನಲ್ಲಿ ಇಂತಹ ನಿಯಮ ಎಷ್ಟು ಮನಸ್ಸುಗಳನ್ನು ನೋಯಿಸಿರಬಹುದು ಎಂಬುದನ್ನು ಊಹಿಸಬಹುದು. ಕಲೆಯನ್ನು ಉಳಿಸಿದ ಕಟ್ಟಳೆಯೇ, ಅದನ್ನು ಕಲಿಯಬೇಕಾದ ಮಕ್ಕಳ ಸಂಖ್ಯೆಯನ್ನೂ ಕಡಿಮೆಮಾಡಬಲ್ಲದು. ಇದು ತೆಂಗನಾನಿನ ಹಿರಿಯರ ಮುಂದಿರುವ ಕಷ್ಟವಾದ ಪ್ರಶ್ನೆ.

ಇನ್ನೊಂದು ಪ್ರಶ್ನೆ ಊರಿನ ಬಾಗಿಲಿನಿಂದಲೇ ಒಳಗೆ ಬಂದಿದೆ. ಇಂದು ಬೀದಿಯ ಅನೇಕ ಮನೆಗಳ ಮುಂಭಾಗ ಅಂಗಡಿಗಳಾಗಿವೆ. ಒಂದು ಗಂಟೆಯ ಬಿಡುವಿನಲ್ಲಿ ಊರು ನೋಡಲು ಬಂದ ಪ್ರವಾಸಿಗೆ ವರ್ಷಗಟ್ಟಲೆ ಕುಳಿತು ನೇಯ್ದ ವಸ್ತ್ರದ ಬೆಲೆ ದುಬಾರಿಯೆಂದು ತೋರುವುದು. ಅಗ್ಗದ ಬಣ್ಣವಿದೆ, ಯಂತ್ರದ ನೂಲಿದೆ. ಮೇಲುನೋಟಕ್ಕೆ ಒಂದೇ ಎನಿಸುವ ಅನುಕರಣೆಗಳೂ ಇವೆ. ಪ್ರವಾಸಿಗರ ಹಣ ಬೇಡವೆನ್ನಲೂ ಆಗದು. ಎಷ್ಟೋ ನೇಕಾರರು ಮಗ್ಗ ಬಿಡದೆ ಉಳಿದದ್ದು ಆ ಹಣದಿಂದಲೇ. ಆದರೆ 2020ರಲ್ಲಿ ಕೊರೊನ ಮಹಾಮಾರಿಯಿಂದಾಗಿ ವಿದೇಶಿ ಪ್ರವಾಸಿಗರು ಬಾಲಿಗೆ ಬರುವುದು ನಿಂತುಹೋಯಿತು. ಪ್ರವಾಸಿಗರನ್ನೇ ನೆಚ್ಚಿದ್ದ ದ್ವೀಪಕ್ಕೆ ದೊಡ್ಡ ಸಂಕಟ ಒದಗಿತು. ಆಗಲೂ ತೆಂಗನಾನಿನ ಗದ್ದೆ ಗದ್ದೆಯಾಗಿಯೇ, ಕಾಡು ಕಾಡಾಗಿಯೇ ಊರಿನ ಕೈಯಲ್ಲಿದ್ದವು. ಹಿಂದಿನವರು ನೆಲವನ್ನು ಮಾರದೆ ಉಳಿಸಿದ್ದರ ಬೆಲೆ ಅಂತಹ ದಿನಗಳಲ್ಲಿ ತಿಳಿಯುವುದು.

ಹಳೆಯದೆಂಬ ಕಾರಣಕ್ಕೆ ಎಲ್ಲವೂ ಒಳ್ಳೆಯದಲ್ಲ. ಹಳೆಯದೆಂಬ ಕಾರಣಕ್ಕೆ ಎಲ್ಲವೂ ಬಿಡತಕ್ಕದ್ದೂ ಅಲ್ಲ. ಯಾವ ಗಂಟನ್ನು ಬಿಚ್ಚಬೇಕು, ಯಾವುದನ್ನು ಬಿಗಿಯಾಗಿ ಹಿಡಿದಿರಬೇಕು ಎಂಬುದನ್ನು ಅರಿಯುವುದೇ ವಿವೇಕ. ಈ ವಿವೇಕ ಗೆರಿಂಗ್‌ಸಿಂಗನ್ನು ನೇಯುವ ಹೆಣ್ಣುಮಗಳ ಕೈಯಲ್ಲಿ ದಿನವೂ ಕೆಲಸಮಾಡುತ್ತಿರುತ್ತದೆ. ಬಣ್ಣ ಹಿಡಿಯುವುದಕ್ಕೆ ಮೊದಲೇ ಗಂಟನ್ನು ಬಿಚ್ಚಿದರೆ ಚಿತ್ತಾರ ಕೆಡುವುದು. ಬಿಚ್ಚದೆಯೇ ಬಿಟ್ಟರೆ ಚಿತ್ತಾರ ಎಂದಿಗೂ ಬೆಳಕಿಗೆ ಬಾರದು. ತಮ್ಮ ಊರಿನ ಕಟ್ಟಳೆಗಳ ವಿಷಯದಲ್ಲಿಯೂ ತೆಂಗನಾನಿನ ಜನ ಇಂದು ಅಷ್ಟೇ ಎಚ್ಚರದಿಂದ ಗಂಟುಗಳನ್ನು ನೋಡಬೇಕಾಗಿದೆ. ಪರಂಪರೆಯುಳ್ಳ ಯಾವ ಊರಿಗಾದರೂ, ಯಾವ ಜನಕ್ಕಾದರೂ ಈ ಕೆಲಸ ತಪ್ಪಿದ್ದಲ್ಲ.